ಸ್ಟ್ಯಾಂಪ್ ಪ್ಯಾಡ್ ಸ್ವಲ್ಪ ಆಚೆ ಸರಿಸಿ: ಮತಗಟ್ಟೆ ಸಿಬ್ಬಂದಿಗೆ ಒಂದು ಬಹಿರಂಗ ಪತ್ರ

ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳಿಗೆ, ಅವರ ಪಕ್ಕ ಕೂರುವ ಮತಗಟ್ಟೆ ಅಧಿಕಾರಿಗಳಿಗೆ, ಇವರಿಗೆಲ್ಲ ತರಬೇತಿ ಕೊಡುವ ಚುನಾವಣಾಧಿಕಾರಿಗಳಿಗೆ,

ನಮಸ್ಕಾರ.

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ 2022ರಲ್ಲಿ ನಿವೃತ್ತಳಾದವಳು. ನಿಮ್ಮ ಕೆಲಸ ನನಗೆ ಗೊತ್ತು. ಮತಗಟ್ಟೆಗೆ ಬೇಕಾದ್ದನ್ನು ಹಂಚುವ ಮಸ್ಟರಿಂಗ್ ಕೇಂದ್ರದಲ್ಲಿ ಬಿಸಿಲಲ್ಲಿ ಕೂತು ಸಾಮಾನಿನ ಪಟ್ಟಿಗೆ ಟಿಕ್ ಹಾಕಿದ್ದೇನೆ. ಗುರುತಿಲ್ಲದ ಊರಿನ ಶಾಲೆಯ ಕೋಣೆಯಲ್ಲಿ ಬೆಂಚು ಜೋಡಿಸಿಕೊಂಡು ಮಲಗಿದ್ದೇನೆ. ಇನ್ನೂ ಕತ್ತಲಿರುವಾಗಲೇ ಎದ್ದು ಅಭ್ಯರ್ಥಿಗಳ ಏಜೆಂಟರ ಮುಂದೆ ಅಣಕು ಮತದಾನ ಮಾಡಿ, ಅದರ ಲೆಕ್ಕ ಅಳಿಸಿ, ಸೀಲ್ ಹಾಕಿ, ಏಳು ಗಂಟೆಗೆ ಬಾಗಿಲು ತೆಗೆದಿದ್ದೇನೆ. ಸಂಜೆ ಯಂತ್ರದ ಲೆಕ್ಕಕ್ಕೂ ರಿಜಿಸ್ಟರಿನ ಲೆಕ್ಕಕ್ಕೂ ಒಂದು ಓಟಿನ ವ್ಯತ್ಯಾಸ ಬಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದೂ ಗೊತ್ತು. ಆದ್ದರಿಂದ ಈ ಪತ್ರವನ್ನು ನಿಮ್ಮವಳೇ ಬರೆದದ್ದು ಅಂತ ಓದಿ.

2024ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಸಲ ಮೇಜಿನ ಆ ಕಡೆ ನಿಂತೆ. ಜೊತೆಗೆ ಅಮ್ಮ ಇದ್ದರು. ಅವರಿಗೆ ಆಗ 82. ಮಂಡಿ ಎರಡೂ ಸವೆದಿವೆ. ಬಲಗೈ ನಡುಗುತ್ತದೆ. ಲೋಟ ಹಿಡಿದರೆ ಅರ್ಧ ನೀರು ಸೀರೆಯ ಮೇಲೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಬೂತ್‌ನಲ್ಲಿ ವ್ಯವಸ್ಥೆ ಚೆನ್ನಾಗಿಯೇ ಇತ್ತು. ಗೇಟಿನ ಹತ್ತಿರ ವೀಲ್‌ಚೇರ್ ಇತ್ತು. ಅದನ್ನು ತಳ್ಳಲು ಕಾಲೇಜಿನ ಒಬ್ಬ ಹುಡುಗ ಇದ್ದ. ಹಿರಿಯರಿಗೂ ಅಂಗವಿಕಲರಿಗೂ ಬೇರೆ ಸಾಲಿತ್ತು, ನೆರಳಿತ್ತು, ಕುರ್ಚಿ ಇತ್ತು. ಮೂವತ್ತು ವರ್ಷದ ಹಿಂದೆ ನಾನು ಡ್ಯೂಟಿಗೆ ಹೋಗುತ್ತಿದ್ದಾಗ ಇದ್ಯಾವುದೂ ಇರಲಿಲ್ಲ. ನಡೆಯಲಾಗದವರನ್ನು ಮಕ್ಕಳು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಇಷ್ಟು ಬದಲಾವಣೆ ಸುಮ್ನೆ ಆಗಿಲ್ಲ. ಅಂಗವಿಕಲರು ವರ್ಷಗಟ್ಟಲೆ ಕೇಳಿ ಕೇಳಿ ಪಡೆದದ್ದು.

ಒಳಗೆ ಹೋದೆವು. ಮೊದಲ ಅಧಿಕಾರಿ ಹೆಸರು ಕೂಗಿದರು. ಎರಡನೆಯವರು ಬೆರಳಿಗೆ ಶಾಯಿ ಹಚ್ಚಿ, ಓಟು ಹಾಕುವವರ ಸಹಿ ಪಡೆಯುವ 17ಎ ರಿಜಿಸ್ಟರನ್ನು ಅಮ್ಮನ ಕಡೆ ತಿರುಗಿಸಿದರು. ಅಮ್ಮ ಪೆನ್ನು ತೆಗೆದುಕೊಂಡರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದರು. ನಡುಕ ಇರುವವರು ಹಾಗೇ ಬರೆಯುವುದು. ಅಮ್ಮನ ಹೆಸರು ನಾಲ್ಕಕ್ಷರ. ಮೊದಲ ಅಕ್ಷರ ಮುಗಿಯಿತು. ಎರಡನೆಯದರ ತಲೆಕಟ್ಟು ಎಳೆಯುತ್ತಿದ್ದರು.

"ಅಜ್ಜಿ, ಕಷ್ಟ ಯಾಕೆ, ಹೆಬ್ಬೆಟ್ಟು ಒತ್ತಿಬಿಡಿ, ಬೇಗ ಆಗುತ್ತೆ" ಅಂತ ಆ ಅಧಿಕಾರಿ ಸ್ಟ್ಯಾಂಪ್ ಪ್ಯಾಡ್ ಮುಂದಕ್ಕೆ ತಳ್ಳಿದರು. ಇನ್ನೊಂದು ಕೈಯಿಂದ ಅಮ್ಮನ ಹೆಬ್ಬೆರಳು ಹಿಡಿದು ಪ್ಯಾಡ್‌ಗೆ ಒತ್ತಿ, ಬರೆದ ಒಂದೂವರೆ ಅಕ್ಷರದ ಪಕ್ಕದಲ್ಲೇ ಒತ್ತಿಸಿದರು. ಎಲ್ಲ ಮುಗಿಯಲು ಐದು ಸೆಕೆಂಡ್ ಕೂಡ ಆಗಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಆಗಿಹೋಗಿತ್ತು.

ಅಮ್ಮ ಏನೂ ಅನ್ನಲಿಲ್ಲ. ಓಟು ಹಾಕಿದರು. ಆಟೋದಲ್ಲಿ ವಾಪಸ್ ಬರುವಾಗ ಹೆಬ್ಬೆರಳನ್ನು ಸೆರಗಿನಲ್ಲಿ ಉಜ್ಜುತ್ತಾ ಕೇಳಿದರು: "ನಂಗೆ ಬರೆಯೋಕೆ ಬರಲ್ಲ ಅಂದ್ಕೊಂಡ್ರು, ಅಲ್ವಾ?"

ನಮ್ಮಲ್ಲಿ 'ಹೆಬ್ಬೆಟ್ಟು' ಅಂದರೆ ಏನರ್ಥ ಅಂತ ನಿಮಗೆ ವಿವರಿಸಬೇಕಿಲ್ಲ. ಅಮ್ಮ ಅಕ್ಷರ ಕಲಿತದ್ದು ಐವತ್ತರ ಹತ್ತಿರ, 90ರ ದಶಕದ ಸಾಕ್ಷರತಾ ಆಂದೋಲನದ ರಾತ್ರಿ ಕ್ಲಾಸಿನಲ್ಲಿ. ಅದಕ್ಕೂ ಮೊದಲು ಪ್ರತಿ ಚುನಾವಣೆಯಲ್ಲೂ ಅವರು ಹೆಬ್ಬೆಟ್ಟೇ ಒತ್ತಿದ್ದು. ಮೊದಲ ಸಲ ಸಹಿ ಹಾಕಿ ಓಟು ಮಾಡಿ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದರು. ಆಮೇಲಿನ ಮೂವತ್ತು ವರ್ಷದಲ್ಲಿ ಒಂದು ಸಲವೂ ಪ್ಯಾಡ್ ಮುಟ್ಟಿರಲಿಲ್ಲ.

ಆ ಅಧಿಕಾರಿಯ ಮೇಲೆ ನನಗೆ ಕೋಪವಿಲ್ಲ. ಚಿಕ್ಕ ವಯಸ್ಸಿನವರು, ಮಾತು ಮೃದು. ಸಹಾಯ ಮಾಡುತ್ತಿದ್ದೇನೆ ಅಂತಲೇ ಅವರು ಮಾಡಿದ್ದು. ನನ್ನನ್ನು ಕಾಡುತ್ತಿರುವುದೂ ಅದೇ. ಮತಗಟ್ಟೆಯಲ್ಲಿ ಹಿರಿಯರಿಗೆ, ಅಂಗವಿಕಲರಿಗೆ ಆಗುವ ನೋವಿನಲ್ಲಿ ಬಹುಪಾಲು ಸಹಾಯದ ಹೆಸರಿನಲ್ಲೇ ಆಗುತ್ತದೆ. ಕೇಳದೆ ಮಾಡುವ ಸಹಾಯದಿಂದ. ನಿಯಮ ನೋಡಿ: 17ಎಯಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಬರೆಯಬಲ್ಲವರು ಸಹಿಯನ್ನೇ ಹಾಕಬೇಕು. ಸಾಲು ಉದ್ದವಿದೆ ಅಂತ ನಾವು ಆರಿಸಿಕೊಡುವ ಹಾಗಿಲ್ಲ.

ಇದನ್ನು ಬರೆಯುವ ಹಕ್ಕು ನನಗೆ ಎಷ್ಟಿದೆ ಅಂತಲೂ ಯೋಚಿಸಿದೆ. ಯಾಕೆಂದರೆ ಇದಕ್ಕಿಂತ ದೊಡ್ಡ ತಪ್ಪು ನಾನೇ ಮಾಡಿದ್ದೇನೆ.

2018ರ ವಿಧಾನಸಭಾ ಚುನಾವಣೆ. ನಾನು ಆ ಬೂತ್‌ನ ಪಿಆರ್‌ಒ, ಅಂದರೆ ಅಧ್ಯಕ್ಷಾಧಿಕಾರಿ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕಾಣದ ಒಬ್ಬರು ಬಂದರು. ನಲವತ್ತರ ಆಸುಪಾಸು. ಜೊತೆಗೆ ಅಣ್ಣನ ಮಗ. ನಾನು ಹುಡುಗನ ಜೊತೆ ಮಾತಾಡಿದೆ. ವಯಸ್ಸು ಕೇಳಿದೆ, ಹದಿನೆಂಟು ದಾಟಿತ್ತು. ಇವತ್ತು ಬೇರೆ ಯಾರಿಗೂ ಸಹಾಯಕನಾಗಿಲ್ಲ, ಓಟಿನ ಗುಟ್ಟು ಬಿಟ್ಟುಕೊಡಲ್ಲ ಅಂತ ಅವನಿಂದ ಘೋಷಣೆ ಬರೆಸಿಕೊಂಡೆ. ಸಹಾಯಕರ ಜೊತೆ ಓಟು ಹಾಕುವವರ ಪಟ್ಟಿಯಾದ 14ಎ ಫಾರಂನಲ್ಲಿ ಹೆಸರು ತುಂಬಿದೆ. ಕಾಗದದ ಮೇಲೆ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಇಬ್ಬರೂ ಒಳಗೆ ಹೋದರು. ಬೀಪ್ ಶಬ್ದ ಬಂತು. ಹೊರಗೆ ಬಂದರು.

ಹೋಗುವ ಮುಂಚೆ ಅವರು ನನ್ನ ದನಿ ಬಂದ ಕಡೆಗೆ ತಿರುಗಿ ಕೇಳಿದರು: "ಮೇಡಂ, ನಂಗೆ ಬ್ರೈಲ್ ಬರುತ್ತೆ. ಪಟ್ಟಿ ಇರಲಿಲ್ವಾ?"

ಇತ್ತು. ಅಭ್ಯರ್ಥಿಗಳ ಕ್ರಮಸಂಖ್ಯೆ, ಹೆಸರು ಎಲ್ಲ ಇರುವ ಬ್ರೈಲ್ ಹಾಳೆ ನನ್ನ ಬ್ಯಾಗಿನಲ್ಲೇ ಇತ್ತು. ಕವರಿನಿಂದ ಹೊರಗೆ ಕೂಡ ತೆಗೆದಿರಲಿಲ್ಲ. ಬ್ಯಾಲೆಟ್ ಯುನಿಟ್‌ನ ಬಟನ್‌ಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳು ಉಬ್ಬಿಕೊಂಡಿರುತ್ತವೆ. ಹಾಳೆ ಓದಿಕೊಂಡು, ಒಳಗೆ ಹೋಗಿ, ಬೆರಳಿನಿಂದ ಅಂಕಿ ಹುಡುಕಿ, ತಾವೇ ಒತ್ತಿ ಬರಬಹುದಿತ್ತು. ಯಾರಿಗೂ ಹೇಳದೆ. ಮನೆಯ ಹುಡುಗನಿಗೂ ಹೇಳದೆ. ನಾನು ಅವರ ಗುಟ್ಟಿನ ಓಟನ್ನು ಕಿತ್ತುಕೊಂಡು, ಅದಕ್ಕೆ ಸಹಾಯ ಅಂತ ಹೆಸರಿಟ್ಟು, ಫಾರಂ ತುಂಬಿ ಸಹಿ ಹಾಕಿದ್ದೆ.

ಅವರು ಬೈಯಲಿಲ್ಲ. "ಮುಂದಿನ ಸಲ" ಅಂದು ಹೋದರು. ಮುಂದಿನ ವರ್ಷದ ಚುನಾವಣೆಗೆ ನನಗೆ ಬೇರೆ ಕಡೆ ಡ್ಯೂಟಿ ಬಿತ್ತು. ಅವರಿಗೆ ಆ ಹಾಳೆ ಸಿಕ್ಕಿತೋ ಇಲ್ಲವೋ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ತರಬೇತಿಯಲ್ಲಿ ಇದು ಸರಿಯಾಗಿ ತಲೆಗೆ ಹೋಗುವುದಿಲ್ಲ. 1961ರ ಚುನಾವಣಾ ನಡವಳಿ ನಿಯಮಗಳಲ್ಲಿ 49ಎನ್ ಅಂತ ಒಂದು ನಿಯಮವಿದೆ. ಕಣ್ಣು ಕಾಣದ ಕಾರಣಕ್ಕೋ ದೇಹದ ಬೇರೆ ತೊಂದರೆಯಿಂದಲೋ ಚಿಹ್ನೆ ಗುರುತಿಸಲು ಅಥವಾ ಬೇರೆಯವರ ನೆರವಿಲ್ಲದೆ ಬಟನ್ ಒತ್ತಲು ಆಗದವರು ಸಹಾಯಕರನ್ನು ಕರೆದುಕೊಂಡು ಹೋಗಬಹುದು ಅಂತ ಅದು ಹೇಳುತ್ತದೆ. ಕಣ್ಣು ಕಾಣದವರೆಲ್ಲ ಸಹಾಯಕರ ಜೊತೆಗೇ ಹೋಗಬೇಕು ಅಂತ ಎಲ್ಲೂ ಹೇಳಿಲ್ಲ. ಆಗುತ್ತದೋ ಆಗುವುದಿಲ್ಲವೋ ಅಂತ ಹೇಳಬೇಕಾದವರು ಮತದಾರರೇ. ಹಾಗಾಗಿ ಮೊದಲ ಪ್ರಶ್ನೆ ಅವರಿಗೆ ಹೋಗಲಿ. ಜೊತೆಗೆ ಬಂದವರಿಗಲ್ಲ. "ನೀವೇ ಓಟು ಹಾಕ್ತೀರಾ? ಬ್ರೈಲ್ ಹಾಳೆ ಕೊಡಲಾ? ಇಲ್ಲಾಂದ್ರೆ ಯಾರಾದ್ರೂ ಜೊತೆಗೆ ಬರಬೇಕಾ?" ಇಷ್ಟು ಕೇಳಲು ಹತ್ತು ಸೆಕೆಂಡ್ ಸಾಕು. ಬ್ರೈಲ್ ಬಾರದವರೂ ಬಹಳ ಜನ ಇದ್ದಾರೆ, ಅದರಲ್ಲೂ ವಯಸ್ಸಾದ ಮೇಲೆ ಕಣ್ಣು ಹೋದವರು. ಅವರಿಗೆ ಸಹಾಯಕರು ಬೇಕೇ ಬೇಕು. ಯಾರು ಅನ್ನುವುದನ್ನು ಅವರೇ ಹೇಳಲಿ. ಬಾಗಿಲಲ್ಲಿ ನಿಂತ ಯಾವುದೋ ಪಕ್ಷದವರು "ನಾನು ಬರ್ತೀನಿ ಬನ್ನಿ" ಅಂತ ಕೈ ಹಿಡಿದರೆ, ಆ ಕೈ ಮತದಾರರಿಗೆ ಬೇಕಾದ ಕೈಯೇ ಅಂತ ಒಂದು ಮಾತು ಕೇಳಿ. ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಸಹಾಯಕರು ಅನ್ನುವ ನಿಯಮ ಇರುವುದು ಇಂಥವರಿಗಾಗಿಯೇ.

ಚುನಾವಣಾ ಆಯೋಗಕ್ಕೂ ಇಲ್ಲೊಂದು ಮಾತು. ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಕಣ್ಣಿರುವವರಿಗೆ ಅದು ಭರವಸೆ. ಕಾಣದವರಿಗೆ ಬರೀ ಬೀಪ್. ಓಟು ಬಿತ್ತು ಅಂತ ಮಾತ್ರ ಬೀಪ್ ಹೇಳುತ್ತದೆ. ಯಾರಿಗೆ ಬಿತ್ತು ಅಂತ ಹೇಳುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಬಂದ ಕಾನೂನು, ಅಲ್ಲಿನ ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಪ್ರತಿ ಮತಗಟ್ಟೆಯಲ್ಲೂ ಅಂಗವಿಕಲರು ಬಳಸಬಹುದಾದ ಒಂದು ಯಂತ್ರವಾದರೂ ಇರಬೇಕು, ಕಣ್ಣು ಕಾಣದವರಿಗೂ ಉಳಿದವರಷ್ಟೇ ಗುಟ್ಟಾಗಿ ಓಟು ಹಾಕಲು ಆಗಬೇಕು ಅಂತ ಹೇಳಿತು. ಇಷ್ಟು ದೊಡ್ಡ ಚುನಾವಣೆ ನಡೆಸುವ ನಮ್ಮ ಕೈಯಲ್ಲಿ, ಚೀಟಿಯಲ್ಲಿ ಬಂದದ್ದನ್ನು ಕಿವಿಯಲ್ಲಿ ಹೇಳುವ ಒಂದು ಹೆಡ್‌ಫೋನ್ ಕೊಡಲು ಆಗದೇ?

ಈಗ ಮನೆಯಿಂದ ಓಟು ಹಾಕುವ ವಿಚಾರ. ಇದು ನಮ್ಮ ಮನೆಯದೇ ಕಥೆ.

2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ 80 ದಾಟಿದವರಿಗೆ ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಬಂತು. ಬಿಎಲ್‌ಒ, ಅಂದರೆ ನಮ್ಮ ಬೂತ್‌ನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಮನೆಗೇ ಬಂದು ಅದಕ್ಕೆ ಅರ್ಜಿಯಾದ 12ಡಿ ಫಾರಂ ಕೊಟ್ಟರು. ಅಮ್ಮನಿಗೆ ಆಗ 81. ಒಂದು ದಿನ ತಂಡ ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೊ ತೆಗೆಯುವ ಹುಡುಗ. ನಡುಮನೆಯ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ಅಮ್ಮ ಘೋಷಣೆಯ ಫಾರಂಗೆ ಸಹಿ ಹಾಕಲು ಕೂತರು. ನಾಲ್ಕಕ್ಷರಕ್ಕೆ ನಾಲ್ಕು ನಿಮಿಷವೇ ಆಗಿರಬೇಕು. ಯಾರೂ ಒಂದು ಮಾತು ಆಡಲಿಲ್ಲ. ಒಬ್ಬರು ಫಾರಂ ಜಾರದ ಹಾಗೆ ಎರಡು ಬೆರಳಿನಿಂದ ತುದಿ ಒತ್ತಿ ಹಿಡಿದುಕೊಂಡರು, ಅಷ್ಟೇ. ಅದಕ್ಕಿಂತ ಒಳ್ಳೆಯ ಸಹಾಯ ನಾನು ನೋಡಿಲ್ಲ.

ಆದರೆ 2024ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. 80 ಹೋಗಿ 85 ಆಯಿತು. ಹಿಂದಿನ ವರ್ಷ ಮನೆಯಲ್ಲಿ ಓಟು ಹಾಕಿದ ಅಮ್ಮ, ಮರುವರ್ಷ ಬೂತ್‌ಗೆ ಬರಬೇಕಾಯಿತು. ಒಂದು ವರ್ಷದಲ್ಲಿ ಮಂಡಿ ವಾಸಿಯಾಗಿರಲಿಲ್ಲ. ಇನ್ನೂ ಜಾಸ್ತಿಯಾಗಿತ್ತು. ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ದಾರಿಯಿತ್ತು. ಆದರೆ ವಯಸ್ಸಿನ ಜೊತೆ ಬಂದ ಮಂಡಿನೋವಿಗೆ, ಕೈನಡುಕಕ್ಕೆ ಸರ್ಟಿಫಿಕೇಟ್ ಮಾಡಿಸಲು ಎಷ್ಟು ಜನ ಹೋಗುತ್ತಾರೆ? "ವಯಸ್ಸಾಯ್ತು, ಇನ್ನೇನು" ಅಂತ ಸುಮ್ಮನಾಗುತ್ತಾರೆ. 81ರಿಂದ 84ರವರೆಗಿನ ಎಷ್ಟೋ ಮನೆಗಳಲ್ಲಿ ಹೀಗೇ ಆಗಿರಬೇಕು. ಆಯೋಗ ಈ ಗೆರೆಯನ್ನು ಮತ್ತೆ 80ಕ್ಕೆ ತರಬೇಕು ಅನ್ನುವುದು ನನ್ನ ಬೇಡಿಕೆ. ಅದು ಆಗದಿದ್ದರೆ, ಹಾಸಿಗೆ ಬಿಟ್ಟು ಏಳಲಾಗದವರಿಗೆ ವಯಸ್ಸು ನೋಡದೆ ಡಾಕ್ಟರ ಒಂದು ಚೀಟಿಯ ಮೇಲೆ ಈ ಅವಕಾಶ ಕೊಡಿ.

ಬಿಎಲ್‌ಒಗಳು ಒಂದು ಮಾತನ್ನು ಮರೆಯದೆ ಹೇಳಬೇಕು. 12ಡಿ ಒಪ್ಪಿಗೆಯಾದ ಮೇಲೆ ಬೂತ್‌ಗೆ ಬಂದರೆ ಓಟು ಹಾಕಲು ಬಿಡುವುದಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಪಿಬಿ' (ಅಂಚೆ ಮತ) ಅಂತ ಗುರುತು ಬಿದ್ದಿರುತ್ತದೆ. ಅಧಿಸೂಚನೆ ಹೊರಟ ಐದು ದಿನದೊಳಗೆ ಫಾರಂ ಕೊಡಬೇಕು ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಯೋಗದ 'ಸಕ್ಷಮ್' ಆ್ಯಪ್‌ನಲ್ಲಿ ವೀಲ್‌ಚೇರ್ ಬೇಕು ಅಂತ ಮೊದಲೇ ಕೇಳಬಹುದು. ಒಳ್ಳೆಯ ವ್ಯವಸ್ಥೆ. ಆದರೆ ವೀಲ್‌ಚೇರ್ ಬೇಕಾದ ಅಜ್ಜನ ಕೈಯಲ್ಲಿ ಇರುವುದು ಬಟನ್ ಫೋನ್. ಬಿಎಲ್‌ಒ ವೋಟರ್ ಸ್ಲಿಪ್ ಕೊಡಲು ಮನೆಗೆ ಹೋದಾಗಲೇ ಬಾಯಿಮಾತಲ್ಲಿ ಕೇಳಿ ಬರೆದುಕೊಂಡರೆ ಆಯಿತು.

ಹಾಗಂತ ಎಲ್ಲರನ್ನೂ ಮನೆಯಲ್ಲೇ ಕೂರಿಸಿಬಿಡೋಣ ಅಂತ ಯಾರೂ ಅಂದುಕೊಳ್ಳಬಾರದು. ಹಿಮಾಚಲದ ಕಲ್ಪಾದ ಶ್ಯಾಮ್ ಸರಣ್ ನೇಗಿಯವರು ನಿಮಗೆ ನೆನಪಿರಬಹುದು. ನಮ್ಮ ಹಾಗೇ ಶಾಲೆಯ ಮೇಷ್ಟ್ರು. 1951ರ ಅಕ್ಟೋಬರ್ 25ರಂದು ಓಟು ಹಾಕಿ ಸ್ವತಂತ್ರ ಭಾರತದ ಮೊದಲ ಮತದಾರ ಅನ್ನಿಸಿಕೊಂಡವರು. ನೂರು ದಾಟಿದ ಮೇಲೂ ಬೂತ್‌ಗೇ ಬಂದರು. ಕೊನೆಗೆ 2022ರ ನವೆಂಬರ್ 2ರಂದು ಮೊದಲ ಸಲ ಮನೆಯಿಂದ ಅಂಚೆ ಮತ ಹಾಕಿದರು. ಮೂರು ದಿನಕ್ಕೆ ತೀರಿಕೊಂಡರು. ಹಿರಿಯರಿಗೆ ಬೂತ್ ಅಂದರೆ ಹಳೆಯ ಗುರುತಿನವರು ಸಿಗುವ ಜಾಗ. ಬೆರಳಿನ ಶಾಯಿ ತೋರಿಸಿಕೊಂಡು ಮನೆಗೆ ಬರುವ ದಿನ. ಬರಬೇಕು ಅನ್ನುವವರು ಬರುವಂತಿರಬೇಕು.

ಬರುವುದಕ್ಕೆ ರ‍್ಯಾಂಪ್ ಬೇಕು. ಇದ್ದರೆ ಸಾಲದು, ಹತ್ತುವಂತಿರಬೇಕು. ಅಳತೆ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರದ ಕಟ್ಟೆಗೆ ಹನ್ನೆರಡು ಅಡಿ ಉದ್ದದ ಇಳಿಜಾರು. ಎಷ್ಟೋ ಶಾಲೆಗಳಲ್ಲಿ ಮೂರೇ ಅಡಿಯಲ್ಲಿ ಸಿಮೆಂಟ್ ಬಳಿದು ಮುಗಿಸಿರುತ್ತಾರೆ. ಅದರ ಮೇಲೆ ವೀಲ್‌ಚೇರ್ ಹತ್ತಿಸಲು ಇಬ್ಬರು ಬೇಕು, ಇಳಿಸುವಾಗ ದೇವರೇ ಗತಿ. ನಮ್ಮ ಬೂತ್‌ನ ಹುಡುಗ ಅಮ್ಮನನ್ನು ಮುಖ ಮುಂದೆ ಮಾಡಿಯೇ ಇಳಿಸಲು ಹೊರಟ. ಅಮ್ಮ ಮುಂದಕ್ಕೆ ಜಾರಿ ನನ್ನ ಕೈ ಗಟ್ಟಿಯಾಗಿ ಹಿಡಿದರು. ಇಳಿಸುವಾಗ ವೀಲ್‌ಚೇರನ್ನು ತಿರುಗಿಸಿ ಹಿಂದು ಮುಂದಾಗಿ ಇಳಿಸಬೇಕು. ತಳ್ಳುವವರು ಕೆಳಗಿರಬೇಕು, ಕೂತವರ ಬೆನ್ನು ಇಳಿಜಾರಿನ ಕಡೆಗಿರಬೇಕು. ಕೂರಿಸುವಾಗ, ಎಬ್ಬಿಸುವಾಗ ಬ್ರೇಕ್ ಹಾಕಿರಬೇಕು, ಕಾಲಿಡುವ ಹಲಗೆ ಮಡಚಿರಬೇಕು. ಇದನ್ನು ಯಾರೂ ಆ ಹುಡುಗನಿಗೆ ಹೇಳಿಕೊಟ್ಟಿರಲಿಲ್ಲ. ಹಿಂದಿನ ದಿನ ಸಂಜೆ ಐದು ನಿಮಿಷ, ಅವನನ್ನೇ ಅದರಲ್ಲಿ ಕೂರಿಸಿ ಒಂದು ಸಲ ಇಳಿಸಿದ್ದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಶಾಯಿಯದೂ ಒಂದು ಮಾತಿದೆ. ಒಂದು ಚುನಾವಣೆಯಲ್ಲಿ ಎಡಗೈ ಬೆರಳುಗಳಿಲ್ಲದ ಒಬ್ಬರು ಬಂದಾಗ ನಮ್ಮ ಸಹೋದ್ಯೋಗಿಯೊಬ್ಬರು ಗಾಬರಿಯಾಗಿ "ಇವರಿಗೆ ಎಲ್ಲಿ ಹಚ್ಚೋದು ಮೇಡಂ?" ಅಂತ ಇಡೀ ಕೋಣೆಗೆ ಕೇಳುವಂತೆ ಕೂಗಿದರು. ಬಂದವರು ತಲೆ ತಗ್ಗಿಸಿದರು. ಉತ್ತರ ನಿಯಮದಲ್ಲೇ ಇದೆ. ಎಡಗೈ ತೋರುಬೆರಳು ಇಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ಬೆರಳಿಗೆ. ಎರಡರಲ್ಲೂ ಇಲ್ಲದಿದ್ದರೆ ಇರುವ ತೋಳಿನ ತುದಿಗೆ. ಮೊದಲೇ ಓದಿಕೊಂಡಿದ್ದರೆ ಕೂಗಬೇಕಾಗುತ್ತಿರಲಿಲ್ಲ.

ಕಿವಿ ಕೇಳದವರು ನೋಡಿದರೆ ಗೊತ್ತಾಗುವುದಿಲ್ಲ, ಅದಕ್ಕೇ ಅವರನ್ನು ಜಾಸ್ತಿ ಗದರುತ್ತೇವೆ. ಎರಡು ಸಲ ಕೂಗಿದರೂ ತಿರುಗದಿದ್ದರೆ ಎದುರು ಬಂದು ಮುಖ ಕಾಣುವಂತೆ ಮಾತಾಡಿ. ಒಂದು ಹಾಳೆಯಲ್ಲಿ ಬರೆದು ತೋರಿಸಿ. ಯಂತ್ರ ಹೇಗೆ ಅಂತ ಹೇಳಿಕೊಡಬೇಕಾದರೆ ರಟ್ಟಿನ ಮಾದರಿ ಇದ್ದೇ ಇರುತ್ತದೆ. ಅದನ್ನು ಮರೆಯ ಹೊರಗೆ, ಏಜೆಂಟರ ಎದುರಿಗೇ ತೋರಿಸಿ. ಒಳಗೆ ಹೋಗಿ ಬಗ್ಗಿ ನೋಡುವುದು ಬೇಡ.

ಇನ್ನು ತರಬೇತಿ ಕೊಡುವವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ನಿಮಗೆ ಗೊತ್ತಿದೆ. ಪ್ರತಿ ಮತಗಟ್ಟೆಯೂ ಅವರಿಗೆ ಎಟುಕುವಂತಿರಬೇಕು, ಚುನಾವಣೆಯ ಪ್ರತಿ ಕಾಗದವೂ ಅವರಿಗೆ ಅರ್ಥವಾಗುವಂತಿರಬೇಕು ಅಂತ ಅದು ಕೇಂದ್ರದ ಆಯೋಗಕ್ಕೂ ರಾಜ್ಯಗಳ ಆಯೋಗಗಳಿಗೂ ಹೇಳುತ್ತದೆ. 2024ರಲ್ಲಿ ಆಯೋಗವೇ ಕೊಟ್ಟ ಲೆಕ್ಕದಲ್ಲಿ ಪಟ್ಟಿಯಲ್ಲಿದ್ದ ಅಂಗವಿಕಲ ಮತದಾರರು ಸುಮಾರು 88 ಲಕ್ಷ, 85 ದಾಟಿದವರು ಸುಮಾರು 82 ಲಕ್ಷ. ನಮ್ಮ ಅಮ್ಮನಂಥವರು ಈ ಎರಡು ಲೆಕ್ಕದಲ್ಲೂ ಇಲ್ಲ. ಇಷ್ಟು ಜನರಿಗಾಗಿ ನಮ್ಮ ತರಬೇತಿಯಲ್ಲಿ ಇರುತ್ತಿದ್ದದ್ದು ಎರಡೋ ಮೂರೋ ಸ್ಲೈಡ್. ಅದೂ ಮಧ್ಯಾಹ್ನ ಊಟದ ನಂತರ, ಎಲ್ಲರೂ ತೂಕಡಿಸುವಾಗ.

ಮುಂದಿನ ತರಬೇತಿಗೆ ಕಣ್ಣು ಕಾಣದ ಒಬ್ಬರನ್ನು, ವೀಲ್‌ಚೇರ್ ಬಳಸುವ ಒಬ್ಬರನ್ನು, ಕಿವಿ ಕೇಳದ ಒಬ್ಬರನ್ನು ಕರೆಸಿ. ಅವರೇ ಪಾಠ ಮಾಡಲಿ. ಅಣಕು ಮತದಾನದಲ್ಲಿ ಅವರೇ ಮತದಾರರಾಗಲಿ, ಎಲ್ಲಿ ತಪ್ಪಿದಿರಿ ಅಂತ ಅವರೇ ಹೇಳಲಿ. ಅವರ ಬಸ್ ಚಾರ್ಜು, ಅವರ ದಿನದ ಭತ್ಯೆ ನಮಗೆ ಕೊಡುವ ಹಾಗೇ ಕೊಡಿ. ಸಾಮಾನಿನ ಪಟ್ಟಿಯಲ್ಲಿ ಬ್ರೈಲ್ ಹಾಳೆಯ ಸಾಲಿಗೆ ಟಿಕ್ ಹಾಕಿದರೆ ಸಾಲದು, 'ಮೇಜಿನ ಮೇಲೆ ಇಟ್ಟಿದ್ದೇನೆ' ಅಂತ ಪಿಆರ್‌ಒ ಬೆಳಿಗ್ಗೆಯೇ ಬರೆದು ಸಹಿ ಹಾಕುವಂತೆ ಮಾಡಿ. 2018ರಲ್ಲಿ ನನ್ನಿಂದ ಹಾಗೆ ಬರೆಸಿಕೊಂಡಿದ್ದರೆ ಆ ಹಾಳೆ ಬ್ಯಾಗಿನಲ್ಲಿ ಉಳಿಯುತ್ತಿರಲಿಲ್ಲ.

ಮುಂದಿನ ವಿಧಾನಸಭಾ ಚುನಾವಣೆ ಹೊತ್ತಿಗೆ ಅಮ್ಮನಿಗೆ 86 ಆಗಿರುತ್ತದೆ. ಮನೆಯಿಂದಲೇ ಹಾಕಬಹುದು ಅಂತ ಹೇಳಿದೆ. "ಬೂತ್‌ಗೇ ಹೋಗ್ತೀನಿ" ಅಂದರು. ಕಿತ್ತಿಟ್ಟ ಕ್ಯಾಲೆಂಡರ್ ಹಾಳೆಗಳ ಹಿಂದೆ ದಿನಾ ಸಂಜೆ ಹೆಸರು ಬರೆಯುತ್ತಾರೆ. ಎಡಗೈಯಿಂದ ಬಲಗೈ ಒತ್ತಿ ಹಿಡಿದು, ನಾಲ್ಕೂ ಅಕ್ಷರ. ಈಗೀಗ ಐದು ನಿಮಿಷ ಬೇಕಾಗುತ್ತದೆ. ಆ ದಿನ ಆ ಮೇಜಿನಲ್ಲಿ ಯಾರು ಕೂತಿರುತ್ತೀರೋ ಗೊತ್ತಿಲ್ಲ. ರಿಜಿಸ್ಟರ್ ಜಾರದ ಹಾಗೆ ತುದಿ ಹಿಡಿದುಕೊಂಡಿರಿ.

ಇಂತಿ,
ನಿಮ್ಮ ಹಳೆಯ ಸಹೋದ್ಯೋಗಿ,
ಒಬ್ಬ ನಿವೃತ್ತ ಶಿಕ್ಷಕಿ